ಎಡೆಯಲ್ಲಿ ಸಿಕ್ಕಿದ ಕಲ್ಲು

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಹೊಗೆಸೊಪ್ಪಿನ ಸೀಮೆಯ ಒಂದು ಹಳ್ಳಿ. ಅದರ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದವರು 1933ರಲ್ಲಿ ಅಲ್ಲಿ ಹುಟ್ಟಿದ ಸೀತಾರಾಮ ಶರ್ಮರು. ಎಂದರೆ, ಚಿತ್ರನಿರ್ದೇಶಕ ಪುಟ್ಟಣ್ಣ ಕಣಗಾಲರು. ಅವರ ಚಿತ್ರಗಳಲ್ಲಿ ನನ್ನನ್ನು ಇಂದಿಗೂ ಕಾಡುವುದು 1973ರಲ್ಲಿ ತೆರೆಕಂಡ ‘ಎಡಕಲ್ಲು ಗುಡ್ಡದ ಮೇಲೆ’. ಅದರ ಮೂಲ ಭಾರತೀಸುತರ ಕಾದಂಬರಿ.

ಹೆಸರಿನ ಆ ಗುಡ್ಡ ನಮಗೆ ದೂರದ್ದೇನಲ್ಲ. ಹೆಗ್ಗಡದೇವನಕೋಟೆಯನ್ನು ಬಿಟ್ಟು ಕಾಡುಹಾದಿಯಲ್ಲಿ ಸಾಗಿ, ಬಾವಲಿಯ ಬಳಿ ಗಡಿ ದಾಟಿದರೆ ವಯನಾಡು. ಅಲ್ಲಿನ ಅಂಬುಕುತ್ತಿ ಬೆಟ್ಟದಲ್ಲಿದೆ ಎಡಕಲ್ಲು ಗವಿ. ಗವಿಯೆಂದು ಕರೆದರೂ ಅದು ಬಂಡೆಯ ಬಿರುಕು. ಮೇಲಿನ ದೊಡ್ಡ ಗುಂಡೊಂದು ಎರಡು ಕಲ್ಲುಗೋಡೆಗಳ ನಡುವೆ ಸಿಕ್ಕಿಕೊಂಡು ಚಾವಣಿಯಂತೆ ನಿಂತಿದೆ. ಎಡೆಯ ಕಲ್ಲೇ ಎಡಕಲ್ಲು. ಗೋಡೆಗಳ ಮೇಲಿನ ಪ್ರಾಚೀನ ಗೀರುಚಿತ್ರಗಳು 1890ರ ದಶಕದಲ್ಲಿ ಫಾಸೆಟ್ ಎಂಬ ಪೊಲೀಸ್ ಅಧಿಕಾರಿಯ ಮೂಲಕ ವಿದ್ವಾಂಸರ ಗಮನಕ್ಕೆ ಬಂದವು.

ಕಥೆಯ ಮಾಧವಿಯದೂ ಆ ಕಲ್ಲಿನ ಪಾಡೇ. ಗಂಡ ಸೇನೆಯ ವೈದ್ಯ. ಗಾಯಗೊಂಡು ದಾಂಪತ್ಯಸುಖಕ್ಕೆ ಎರವಾದವನು. ಆತ ದುಷ್ಟನಲ್ಲ. ದುಷ್ಟನಾಗಿದ್ದರೆ ಕತೆ ಸುಲಭವಾಗುತ್ತಿತ್ತು. ಒಂದು ಕಡೆ ಗಂಡನ ಮೇಲಿನ ಮಮತೆ, ಇನ್ನೊಂದು ಕಡೆ ನಂಜುಂಡನೆಂಬ ತರುಣನ ಸೆಳೆತ. ಆ ತರುಣನ ಒಲವು ತನ್ನ ತಂಗಿಯತ್ತ ಹೊರಳಿದಾಗ, ಕಳೆದುಹೋಗುತ್ತಿರುವ ಯೌವನ ಅವಳ ಕಣ್ಣೆದುರಿಗೇ ಬಂದು ನಿಲ್ಲುತ್ತದೆ. ಇಲ್ಲಿ ಖಳನಾಯಕನಿದ್ದರೆ ಅದು ಕಾಲವೊಂದೇ.

ಪುಟ್ಟಣ್ಣನವರು ಈ ಗುಡ್ಡಕ್ಕೆ ಒಮ್ಮೆಗೇ ಹತ್ತಿದವರಲ್ಲ. ತ್ರಿವೇಣಿಯವರ ‘ಬೆಳ್ಳಿಮೋಡ’ (1967), ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ (1969), ಮತ್ತೆ ತ್ರಿವೇಣಿಯವರ ‘ಶರಪಂಜರ’ (1971): ಈ ಮೂರರಲ್ಲೂ ನೊಂದ ಹೆಣ್ಣಿಗೆ ನೋಟಕರ ಮರುಕ ತಾನಾಗಿ ದೊರೆಯುತ್ತದೆ. ಮಾಧವಿಗೆ ಹಾಗಲ್ಲ. ಅವಳು ನೊಂದವಳು ಮಾತ್ರವಲ್ಲ, ಬಯಸಿದವಳು. ಅವಳಿಗೂ ನಮ್ಮ ಕಿವಿಯನ್ನು ಕೇಳಿದ್ದೇ ನಿರ್ದೇಶಕರ ಧೈರ್ಯ. ಜಯಂತಿಯವರಿಗೆ ಈ ಪಾತ್ರ ರಾಜ್ಯಪ್ರಶಸ್ತಿಯನ್ನು ತಂದಿತು. ನಂಜುಂಡನಾದ ಚಂದ್ರಶೇಖರರ ಹೆಸರಿಗೆ ‘ಎಡಕಲ್ಲು ಗುಡ್ಡ’ ಶಾಶ್ವತವಾಗಿ ಅಂಟಿಕೊಂಡಿತು.

ಹುಣಸೂರಿನ ಕಡೆಯ ನನ್ನ ಸೋದರತ್ತೆಯೊಬ್ಬರು ಹರೆಯದಲ್ಲೇ ವಿಧವೆಯಾದವರು. ಈ ಚಿತ್ರವನ್ನು ಅವರು ಟೆಂಟಿನಲ್ಲಿ ನೋಡಿದ್ದರಂತೆ. ಮಾಧವಿ ಮಾಡಿದ್ದು ಸರಿಯೇ ಎಂದು ನಾನು ಕಾಲೇಜಿನ ದಿನಗಳಲ್ಲಿ ಕೇಳಿದ್ದೆ. ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ ಹೇಳಿದರು: “ತಪ್ಪೇ ಕಣಪ್ಪ. ಆದರೆ, ನಿನಗೇನು ಬೇಕೆಂದು ಅವಳನ್ನು ಯಾರಾದರೂ ಕೇಳಿದ್ದರೇನು?”

ಆ ಮಾತು ಮಾಧವಿಯೊಬ್ಬಳದೇ ಅಲ್ಲವೆಂದು ನನಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ನಾನೂ ಅತ್ತೆಯನ್ನು ಎಂದೂ ಕೇಳಿರಲಿಲ್ಲ. ಪುಟ್ಟಣ್ಣನವರು 1985ರಲ್ಲಿ ತೀರಿಕೊಂಡರು, ಅತ್ತೆಯೂ ಈಗಿಲ್ಲ. ಆ ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇದೆ.