ಲಂಡನ್ನಿನ ಅಗ್ಗಿಷ್ಟಿಕೆಯೂ ಹೊಗೆಯ ಕಾಯಿದೆಗಳೂ

ಲಂಡನ್ನಿನ ಹೊಗೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಾರ್ಖಾನೆಯ ಎತ್ತರದ ಚಿಮಣಿ. ಮನೆಮನೆಯ ಅಗ್ಗಿಷ್ಟಿಕೆಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಮೆ. ಆ ನಾಡಿನ ಕಾಯಿದೆಗಳೂ ಬಹುಕಾಲ ಹಾಗೆಯೇ ನಡೆದುಕೊಂಡುವು. ಹೀಗೇಕಾಯಿತೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಹದಿನಾರನೆಯ ಶತಮಾನದಲ್ಲಿ ಸೌದೆ ದುಬಾರಿಯಾದಂತೆ ಲಂಡನ್ನಿನ ನಿವಾಸಿಗಳು ಟೈನ್ ನದೀತೀರದ ಗಣಿಗಳಿಂದ ಹಡಗಿನಲ್ಲಿ ಬರುತ್ತಿದ್ದ ಕಲ್ಲಿದ್ದಲಿಗೆ ತಿರುಗಿದರು. ಬದಲಾದುದು ಇಂಧನವೊಂದೇ ಅಲ್ಲ. ಸೌದೆ ಬರಿಯ ನೆಲದ ಮೇಲೂ ಉರಿಯಬಲ್ಲುದು. ಕಲ್ಲಿದ್ದಲಿಗಾದರೋ ಕೆಳಗಿನಿಂದ ಗಾಳಿಯಾಡುವಂತೆ ಕಬ್ಬಿಣದ ಸರಳುಗಳ ಒಲೆಯೂ ಹೊಗೆಯನ್ನು ಮೇಲಕ್ಕೆಳೆಯುವ ಗೂಡೂ ಬೇಕು. ಹೀಗೆ ಕಲ್ಲಿದ್ದಲು ಮನೆಯ ಗೋಡೆಯೊಳಗೇ ಸೇರಿಕೊಂಡಿತು. ತೆರೆದ ಬೆಂಕಿಯ ಶಾಖದಲ್ಲಿ ಹೆಚ್ಚಿನ ಪಾಲು ಹೊಗೆಯೊಡನೆ ಹೊರಟುಹೋಗುತ್ತಿತ್ತು. 1790ರ ದಶಕದಲ್ಲಿ ಕೌಂಟ್ ರಮ್‌ಫರ್ಡನು ಗೂಡಿನ ಕಂಠವನ್ನು ಕಿರಿದುಗೊಳಿಸಿ ಈ ನಷ್ಟವನ್ನು ತಗ್ಗಿಸಿದನು. ಬೆಂಕಿ ಮಾತ್ರ ತೆರೆದೇ ಉಳಿಯಿತು.

ಜಾನ್ ಈವ್ಲಿನನು 1661ರಲ್ಲಿ ಪ್ರಕಟಿಸಿದ ‘ಫ್ಯೂಮಿಫ್ಯೂಜಿಯಂ’ ಹೊಗೆಯ ವಿರುದ್ಧ ಹೊರಟ ಪ್ರಸಿದ್ಧ ಗ್ರಂಥ. ಅವನು ಸುಣ್ಣ ಸುಡುವವರನ್ನೂ ಸಾಬೂನು ಕಾಯಿಸುವವರನ್ನೂ ಬಣ್ಣಗಾರರನ್ನೂ ದೂರಿ, ಅಡುಗೆಯ ಬೆಂಕಿಯನ್ನು ಬಹುಮಟ್ಟಿಗೆ ನಿರ್ದೋಷಿಯೆಂದು ಬಿಟ್ಟನು. ಮರುವರ್ಷವೇ ಸರ್ಕಾರವು ಅಗ್ಗಿಷ್ಟಿಕೆಯೊಂದಕ್ಕೆ ವರ್ಷಕ್ಕೆ 2 ಷಿಲಿಂಗ್ ತೆರಿಗೆ ಹಾಕಿತು. ಎಣಿಸಲೆಂದು ಅಧಿಕಾರಿಗಳು ಮನೆಯೊಳಕ್ಕೆ ನುಗ್ಗುವುದನ್ನು ಜನ ಸಹಿಸಲಿಲ್ಲ. 1689ರಲ್ಲಿ ತೆರಿಗೆ ರದ್ದಾಯಿತು. ಮನೆಯ ಬೆಂಕಿಯನ್ನು ಮುಟ್ಟಲು ಶಾಸನಕರ್ತರು ಮುಂದೆ ತೋರಿದ ಅಳುಕಿನ ಬೇರು ಇಲ್ಲಿಯೇ ಇದೆಯೆಂದು ನಮ್ಮ ಭಾವನೆ. 1853ರ ಕಾಯಿದೆ ಕಾರ್ಖಾನೆಯ ಕುಲುಮೆಗಳನ್ನೂ ಥೇಮ್ಸ್ ನದಿಯ ಉಗಿದೋಣಿಗಳನ್ನೂ ಹಿಡಿಯಿತು. 1891ರ ಕಾಯಿದೆಯಾದರೋ ವಾಸದ ಮನೆಯ ಚಿಮಣಿಯನ್ನು ಸ್ಪಷ್ಟವಾಗಿಯೇ ಹೊರಗಿಟ್ಟಿತು. ಕಾಯಿದೆ ಮಾಡಿದವರೂ ಸಂಜೆ ಅಂಥ ಬೆಂಕಿಯ ಮುಂದೆಯೇ ಕುಳಿತುಕೊಳ್ಳುತ್ತಿದ್ದವರೆಂಬುದನ್ನು ಮರೆಯಲಾಗದು.

ಇದರ ಬೆಲೆಯನ್ನು ನಗರವು 1952ರ ಡಿಸೆಂಬರಿನಲ್ಲಿ ತೆತ್ತಿತು. ಯುದ್ಧಾನಂತರದ ಬಡತನದಲ್ಲಿ ಉತ್ತಮ ಕಲ್ಲಿದ್ದಲು ರಫ್ತಿಗೆ ಹೋಗುತ್ತಿತ್ತು. ಮನೆಗಳಿಗೆ ಪಡಿತರದ ಕಟ್ಟಿಲ್ಲದೆ ದೊರೆತುದು ಪುಡಿಯೂ ಚೂರೂ ಬೆರೆತ ಕೀಳು ಇದ್ದಲು. 5ರಿಂದ 9ನೆಯ ತಾರೀಖಿನವರೆಗೆ ಗಾಳಿಯಾಡಲಿಲ್ಲ. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬಿಸಿಗಾಳಿಯ ಪದರವೊಂದು ಮುಚ್ಚಳದಂತೆ ನಿಂತಿತು. ಚಳಿಗೆ ಜನ ಇನ್ನಷ್ಟು ಇದ್ದಲು ಸುರಿದರು, ಹೊಗೆ ಇನ್ನಷ್ಟು ದಟ್ಟವಾಯಿತು. ಸತ್ತವರು ಸುಮಾರು 4,000 ಎಂದು ಅಂದಿನ ಸರ್ಕಾರಿ ಲೆಕ್ಕ. ನಂತರದ ಸಂಶೋಧಕರು ಸುಮಾರು 12,000 ಎಂದು ಎಣಿಸಿದ್ದಾರೆ. ಸರ್ ಹ್ಯೂ ಬೀವರ್ ಸಮಿತಿಯು 1954ರ ವರದಿಯಲ್ಲಿ, ದೇಶದ ಹೊಗೆಯಲ್ಲಿ ಅರ್ಧದಷ್ಟು ಮನೆಗಳದೇ ಎಂದು ತೋರಿಸಿತು.

1956ರ ಶುದ್ಧವಾಯು ಕಾಯಿದೆ ಮನೆಯನ್ನು ಮೊದಲ ಬಾರಿಗೆ ಒಳಗೊಂಡಿತು; ಗೊತ್ತುಮಾಡಿದ ಪ್ರದೇಶಗಳಲ್ಲಿ ಮನೆಯ ಚಿಮಣಿಯಿಂದ ಹೊಗೆ ಬಿಡುವುದು ಅಪರಾಧವಾಯಿತು. ಆದರೆ ಅದು ಬರಿಯ ನಿಷೇಧವಾಗಿರಲಿಲ್ಲ. ಹೊಗೆಯಿಲ್ಲದ ಇಂಧನಕ್ಕೆ ತಕ್ಕಂತೆ ಒಲೆ ಬದಲಿಸಿಕೊಳ್ಳುವ ವೆಚ್ಚದಲ್ಲಿ ಹತ್ತರಲ್ಲಿ ಏಳು ಪಾಲನ್ನು ಸ್ಥಳೀಯ ಸಂಸ್ಥೆ ಮನೆಯವನಿಗೆ ಕೊಡಬೇಕಾಗಿತ್ತು. ಹಿಂದೆ ತೆರಿಗೆ ಕೇಳಲು ಮನೆಯೊಳಕ್ಕೆ ಬಂದಿದ್ದ ಸರ್ಕಾರ ಈ ಸಲ ಹಣ ಹಿಡಿದು ಬಂದಿತು. ಕಾಯಿದೆ ನೆಲೆಯೂರಿದುದಕ್ಕೆ ಇದನ್ನೇ ನಾವು ಮುಖ್ಯ ಕಾರಣವೆನ್ನುತ್ತೇವೆ. ಕಲ್ಲಿದ್ದಲಿನ ಸ್ಥಾನಕ್ಕೆ ಮೊದಲು ಕೋಕ್, ಆಮೇಲೆ ಉತ್ತರ ಸಮುದ್ರದ ಅನಿಲ ಬಂದುವು. ಗೃಹಬಳಕೆಯ ಹಳೆಯ ಬಗೆಯ ಕಲ್ಲಿದ್ದಲನ್ನು ಮೂಟೆಯಲ್ಲಿ ಮಾರುವುದು ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಲ್ಲಿ ನಿಂತಿತು. ಬಿಡಿಯಾಗಿ ಮಾರುವುದಕ್ಕೆ ಇನ್ನೆರಡು ವರ್ಷಗಳ ಅವಕಾಶವಿತ್ತು.