ಚೇತರಿಕೆ ಭಂಗಿ

ಎಚ್ಚರ ತಪ್ಪಿದರೂ ಉಸಿರಾಡುತ್ತಿರುವವರನ್ನು ಮಗ್ಗಲಿಗೆ ಹೊರಳಿಸಿ ಮಲಗಿಸುವ ಪ್ರಥಮ ಚಿಕಿತ್ಸಾ ಕ್ರಮ. ಅಂಗಾತ ಬಿದ್ದವರ ದವಡೆ ಸಡಿಲಾಗಿ ನಾಲಗೆ ಗಂಟಲಿಗೆ ಜಾರುತ್ತದೆ. ವಾಂತಿ, ಜೊಲ್ಲು, ರಕ್ತ ಶ್ವಾಸನಾಳಕ್ಕಿಳಿಯುತ್ತವೆ. ಮಗ್ಗಲಾಗಿಸಿದರೆ ಅವೆಲ್ಲ ಬಾಯಿಂದ ಹೊರಕ್ಕೆ ಹರಿದುಹೋಗುತ್ತವೆ.

ಈ ಕ್ರಮದ ಇತಿಹಾಸ ಆರಂಭವಾಗುವುದು ನೀರಿಗೆ ಬಿದ್ದವರಿಂದ. ಹೊಟ್ಟೆಯಲ್ಲಿ ನೀರು ತುಂಬಿಕೊಂಡವನನ್ನು ತಲೆಕೆಳಗಾಗಿಸಿ ಒತ್ತಬೇಕು, ಅಲುಗಾಡಿಸಬೇಕು, ವಾಂತಿ ಮಾಡಿಸಬೇಕು, ಇಲ್ಲವೇ ಬಾಯಿವರೆಗೆ ಬೂದಿಯ ರಾಶಿಯಲ್ಲಿ ಹೂಳಬೇಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮುಳುಗಿ ಸತ್ತ ಬಾಲಕನ ದೇಹವನ್ನು ಉಪ್ಪಿನ ರಾಶಿಯಲ್ಲಿಟ್ಟು ಜೀವ ಬಂದೀತೆಂದು ಗಂಟೆಗಟ್ಟಲೆ ಕಾದ ಸುದ್ದಿ ಓದಿದವರಿಗೆ ಆ ಬೂದಿಯ ರಾಶಿ ನೆನಪಾಗದಿರದು.

ಅಂಗಾತ ಮಲಗಿಸುವುದೇ ಅಪಾಯವೆಂದು 1856ರಲ್ಲಿ ವಾದಿಸಿದವನು ಇಂಗ್ಲೆಂಡಿನ ವೈದ್ಯ ಮಾರ್ಷಲ್ ಹಾಲ್. ದೇಹವನ್ನು ಬೋರಲಿನಿಂದ ಮಗ್ಗಲಿಗೆ, ಮತ್ತೆ ಬೋರಲಿಗೆ ಹೊರಳಿಸುವುದು ಅವನ ವಿಧಾನ. ಆದರೆ ಎರಡೇ ವರ್ಷಕ್ಕೆ ವೈದ್ಯ ಸಿಲ್ವೆಸ್ಟರನ ಅಂಗಾತ ಮಲಗಿಸುವ ವಿಧಾನ ಬಂತು. 1891ರಲ್ಲಿ ವೈದ್ಯ ರಾಬರ್ಟ್ ಬೌಲ್ಸ್, ಪಾರ್ಶ್ವವಾಯು ಬಡಿದು ಗೊರಗುಟ್ಟುವವರನ್ನು ಮಗ್ಗಲಿಗೆ ತಿರುಗಿಸಬೇಕೆಂದು ಬರೆದ. ಮುಂದೆ ವೈದ್ಯ ಪೀಟರ್ ಸಫರ್ ಮತ್ತಿತರರು 1950ರ ದಶಕದಲ್ಲಿ, ತಲೆ ಹಿಂದಕ್ಕೆ ಬಾಗಿಸಿದರೆ ಉಸಿರಿನ ದಾರಿ ತೆರೆಯುತ್ತದೆಂದು ಪ್ರಯೋಗಗಳಿಂದ ತೋರಿಸಿದರು. ಅರಿವು ಹಳೆಯದು, ಅದು ಬೀದಿಗೆ ಬರಲು ನೂರು ವರ್ಷ ಬೇಕಾಯಿತು.

ಬೆಳಗಾವಿ ಜಿಲ್ಲೆಯಲ್ಲಿ ಮಲಪ್ರಭೆ ಹರಿಯುವ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಈ ಭಂಗಿಯ ಅಗತ್ಯ ಹಲವು ಕಡೆ ಒದಗುತ್ತದೆ: ನದಿಯಲ್ಲಿ, ಕಿತ್ತೂರಿನ ಮಗ್ಗುಲಿಗೆ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಭಾರತ ಹುಣ್ಣಿಮೆಯ ಎಲ್ಲಮ್ಮನ ಗುಡ್ಡದ ಜನಸಂದಣಿಯಲ್ಲಿ, ಹತ್ತಿ ಹೊಲದ ಕೀಟನಾಶಕದಲ್ಲಿ. ಬವಳಿ ಬಂದು ಬಿದ್ದವರಿಗೆ, ಮೂರ್ಛೆ ಹೋದವರಿಗೆ ಉಳ್ಳಾಗಡ್ಡಿ ಮೂಸಿಸುವುದು, ಕೈಗೆ ಕಬ್ಬಿಣದ ಕೀಲಿ ಕೊಡುವುದು, ಎತ್ತಿ ಕೂರಿಸಿ ಬಾಯಿಗೆ ನೀರು ಹಾಕುವುದು ಇನ್ನೂ ರೂಢಿಯಲ್ಲಿದೆ. ಉಳ್ಳಾಗಡ್ಡಿಯಿಂದ ಕೇಡಿಲ್ಲ, ಬಾಯಿಗೆ ಹಾಕಿದ ನೀರು ಮಾತ್ರ ಪ್ರಾಣ ತೆಗೆದೀತು. ವಿಷ ಕುಡಿದು ಎಚ್ಚರ ತಪ್ಪಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅದಕ್ಕಿಂತ ಕೆಟ್ಟದ್ದು. ಅವರನ್ನು, ಹಾಗೆಯೇ ಹಾವು ಕಚ್ಚಿದವರನ್ನು ಮತ್ತು ಗರ್ಭಿಣಿಯರನ್ನು, ಎಡಮಗ್ಗಲಿಗೆ ಮಲಗಿಸುವುದು ಲೇಸು.

ವಿಧಾನ ಹೀಗೆ. ಪಕ್ಕದಲ್ಲಿ ಮಂಡಿಯೂರಿ, ಹತ್ತಿರದ ತೋಳನ್ನು ಚಾಚಿ ಮೊಣಕೈ ಮಡಚಿಡಿ. ಆಚೆಯ ಕೈಯನ್ನು ಎದೆಯ ಮೇಲಿಂದ ತಂದು ಅದರ ಹಿಂಬದಿಯನ್ನು ಈಚೆಯ ಕೆನ್ನೆಗೆ ಒತ್ತಿ ಹಿಡಿಯಿರಿ. ಆಚೆಯ ಮೊಣಕಾಲನ್ನು ಮೇಲಕ್ಕೆ ಮಡಚಿ, ಅದನ್ನೇ ಹಿಡಿದು ನಿಮ್ಮತ್ತ ಎಳೆಯಿರಿ. ಭಾರಿ ಮೈಯವರೂ ಸುಲಭವಾಗಿ ಹೊರಳುತ್ತಾರೆ. ಬಳಿಕ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಬಾಯಿ ನೆಲದತ್ತ ಇರುವಂತೆ ನೋಡಿಕೊಳ್ಳಿ. ಉಸಿರನ್ನು ಗಮನಿಸುತ್ತಲೇ ಇರಬೇಕು. ಉಸಿರಿಲ್ಲದಿದ್ದರೆ, ಇಲ್ಲವೇ ಆಗೊಮ್ಮೆ ಈಗೊಮ್ಮೆ ಏದುಸಿರಷ್ಟೇ ಬರುತ್ತಿದ್ದರೆ, ಈ ಭಂಗಿ ಸಲ್ಲದು. ಎದೆ ಒತ್ತಲು ಆರಂಭಿಸಬೇಕು. ಅಪಘಾತದಲ್ಲಿ ಕುತ್ತಿಗೆಗೆ ಪೆಟ್ಟಾದ ಸಂಶಯವಿದ್ದರೆ ಅಲುಗಿಸದಿರುವುದು ಮೇಲು. ವಾಂತಿಯಾಗುತ್ತಿದ್ದರೆ ಮಾತ್ರ ತಲೆ, ಕತ್ತು, ಬೆನ್ನು ಒಂದೇ ಸಾಲಿನಲ್ಲಿರುವಂತೆ ಹಲವರು ಸೇರಿ ಹೊರಳಿಸಬೇಕು.

ರಾಮದುರ್ಗದಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗಳು ಸುಮಾರು 100 ಕಿ.ಮೀ. ದೂರ. ಟಂಟಂನಲ್ಲೋ ಜೀಪಿನಲ್ಲೋ ಅಂಗಾತ ಒಯ್ದರೆ ಅಷ್ಟು ಹೊತ್ತಿನಲ್ಲಿ ಏನೂ ಆಗಬಹುದು. ವಾಹನದಲ್ಲೂ ಮಗ್ಗಲಾಗಿಯೇ ಮಲಗಿಸಿ. ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಿಂದ ಇದೆ. ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯವೂ ಈಗ ಬೇಡ: ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂಬ ಕಡ್ಡಾಯವೂ ಇಲ್ಲ.