ಪೆಟ್ರೋಲ್ ತೆರಿಗೆ: ಯಾರ ಜೇಬಿಗೆ ಎಷ್ಟು?

ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದು ಹನ್ನೊಂದು ದಿನವಾಗಿತ್ತಷ್ಟೆ. 1973ರ ನವೆಂಬರ್ 12ರಂದು ವಾಜಪೇಯಿಯವರು ಪೆಟ್ರೋಲ್ ಬೆಲೆಯೇರಿಕೆ ವಿರೋಧಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಮೈಸೂರಿನ ಸಾಮಾನ್ಯರಿಗಾದರೋ ಆಗ ಸೈಕಲ್ಲು, ಟಾಂಗಾ, ಸಿಟಿ ಬಸ್ಸು. ಪೆಟ್ರೋಲ್ ಸಿರಿವಂತರದು! ಅದಕ್ಕೆ ಹೆಚ್ಚು, ಬಸ್ಸು-ಲಾರಿಗಳ ಡೀಸೆಲ್ಲಿಗೆ ಕಡಿಮೆ ತೆರಿಗೆ ದಶಕಗಳ ಕಾಲ ನಡೆದದ್ದು ಈ ಲೆಕ್ಕದ ಮೇಲೆ.

ಆಮೇಲೆ ಮನೆಮನೆಗೂ ಸ್ಕೂಟರ್ ಬಂತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಹೊಗೆಗೆ ಬಡವ-ಬಲ್ಲಿದರ ಭೇದವಿಲ್ಲ. 2014-15ರ ಆರ್ಥಿಕ ಸಮೀಕ್ಷೆ ಇಂಧನದ ಸುಂಕವನ್ನು ಪರೋಕ್ಷ ಇಂಗಾಲ ತೆರಿಗೆಯೆಂದೇ ಪರಿಗಣಿಸಿತು.

2024ರ ಜೂನ್‌ನಲ್ಲಿ ಕರ್ನಾಟಕವು ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಲೀಟರಿಗೆ ಸುಮಾರು 3 ರೂ. ಹೆಚ್ಚಿತು. ನೀವೇ ಲೆಕ್ಕ ಹಾಕಿ ನೋಡಿ: ತಿಂಗಳಿಗೆ 60 ಲೀಟರ್ ಹಾಕಿಸುವ ಕಾರಿನವರಿಗೆ 180 ರೂ., 15 ಲೀಟರಿನ ಸ್ಕೂಟರಿನವರಿಗೆ 45. ಆದರೆ ಲಕ್ಷದ ಸಂಬಳದಲ್ಲಿ 180 ಎಂದರೆ ಶೇ. 0.18, ಹದಿನೈದು ಸಾವಿರದಲ್ಲಿ 45 ಎಂದರೆ ಶೇ. 0.30.

ಸ್ಕೂಟರೂ ಇಲ್ಲದವರು? ಅವರು ಬಂಕಿನ ಕಡೆ ಸುಳಿಯುವುದೇ ಇಲ್ಲ. ಅವರಿಗೆ ತೆರಿಗೆ ತಟ್ಟುವುದು ಬಂಡಿಪಾಳ್ಯಕ್ಕೆ ಲಾರಿಯಲ್ಲಿ ಬರುವ ತರಕಾರಿಯಲ್ಲಿ, ಬಸ್ ಟಿಕೆಟ್ಟಿನಲ್ಲಿ. ಡೀಸೆಲ್ ಮತ್ತು ಸಂಬಳದ ಖರ್ಚು ತೋರಿಸಿ 2025ರ ಜನವರಿಯಲ್ಲಿ ಬಸ್ ದರವನ್ನು ಶೇ. 15 ಏರಿಸಲಾಯಿತು. 2023ರ ಜೂನ್‌ನಲ್ಲಿ ಬಂದ ‘ಶಕ್ತಿ’ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನ ಹೆಂಗಸರಿಗೆ ಅದು ಮುಟ್ಟಲಿಲ್ಲ. ಅದೇ ಬಸ್ಸಿನಲ್ಲಿ ನಂಜನಗೂಡಿನಿಂದ ಕೂಲಿಗೆ ಬರುವ ಗಂಡಸು ಮಾತ್ರ ಪೂರ್ತಿ ಕೊಟ್ಟ.